ರೆಕ್ಕೆಯಿಲ್ಲದ ಕಣಜದ ಹೆಸರು

ಜೂನ್ ೪

ಮರಿಹುಳಕ್ಕೆ, ಅಪ್ಪ ಬರೆಯುವುದು.

ನೀನು ಕೇಳಿದ್ದ ಕಾಲುಗಳನ್ನು ಕಳಿಸಿದ್ದೇನೆ. ನೀಲಿ ಮುಚ್ಚಳದ ಶೀಸೆಯಲ್ಲಿರುವುದು ನಿನ್ನ ಕೊಕ್ಕರೆ ಮಾಮ ಹೆಸರಿಟ್ಟ ಕಣಜದ ಹಿಂಗಾಲು, ಬಿಳಿ ಮುಚ್ಚಳದ್ದರಲ್ಲಿರುವುದು ನಾನು ಹೆಸರಿಟ್ಟ ನಮ್ಮ ಕಣಜದ್ದು. ಅದಲುಬದಲು ಮಾಡಿಕೊಳ್ಳಬೇಡ. ಸಂಗ್ರಹಾಲಯದ ಹೊಸ ಅಧಿಕಾರಿಯ ಹತ್ತಿರ ಅಪ್ಪಣೆ ಕೇಳಲು ಹೋದರೆ ಆತ ತಲೆ ಎತ್ತದೆ, "ಸತ್ತ ಹುಳದ ಕಾಲು ತಾನೇ ಸರ್, ಎಷ್ಟು ಬೇಕೋ ಕಿತ್ಕೊಳ್ಳಿ" ಅಂದ. ಮೂಲ ಮಾದರಿಯ ಕಾಲು! ಆ ಒಂದು ಹುಳವನ್ನು ನೋಡಿಯೇ ಅಲ್ಲವೇ ಲೋಕವೆಲ್ಲ ಆ ಪ್ರಭೇದ ಯಾವುದೆಂದು ತೀರ್ಮಾನಿಸುವುದು. ಕೀಟಗಳ ಕೋಣೆಗೆ ಇಂಥವನನ್ನು ತಂದು ಕೂರಿಸಿದ್ದಾರೆ. ನಿವೃತ್ತನಾದವನಿಗೆ ಮೂಲೆಯ ಮೇಜು ಬಿಟ್ಟುಕೊಟ್ಟಿರುವುದೇ ಹೆಚ್ಚು ಎಂದು ಬಾಯಿ ಮುಚ್ಚಿಕೊಂಡು ಬಂದೆ.

ಕಾಲು ಬಿಡಿಸುವಾಗ ಕೈ ನಡುಗಿತು. ನಿನ್ನ ಅಮ್ಮ ಹೋದ ಮೇಲೆ ಈ ನಡುಕ ಜಾಸ್ತಿಯಾಗಿದೆ. ನೀನು ಫೋನ್ ಮಾಡಿದ್ದೆಯಂತೆ, ಪಕ್ಕದ ಮನೆಯವರು ಹೇಳಿದರು. ಮಾಡಬೇಡ. ಈ ಕಿವಿಗೆ ಈಗ ಗುಡುಗೂ ಒಂದೇ, ಗುಸುಗುಸುವೂ ಒಂದೇ. ಬರೆ, ಕಣ್ಣು ಇನ್ನೂ ಚೆನ್ನಾಗಿದೆ.

ಇಷ್ಟು ವರ್ಷ ಮೀನುಗಳ ಹಿಂದೆ ಅಲೆದವಳು ಕೊನೆಗೂ ಅಪ್ಪನ ಕಣಜಗಳ ಬಳಿಗೆ ಬಂದೆಯಲ್ಲ, ಸಂತೋಷ. ಜೀನು ಓದುವ ನಿನ್ನ ಯಂತ್ರ ಏನು ಹೇಳುತ್ತದೋ ತಿಳಿಸು.

ನಿನ್ನ ಅಪ್ಪ

*

ಜುಲೈ ೧೯

ಅಪ್ಪಾ,

ಕೂತುಕೊಂಡು ಓದಿ. ಯಂತ್ರ ಹೇಳಿದ್ದು ನಿಮಗೆ ಇಷ್ಟವಾಗುವುದಿಲ್ಲ.

ಎರಡು ಕಾಲುಗಳೂ ಒಂದೇ. ಹತ್ತಿರದ ಸಂಬಂಧವೆಂದಲ್ಲ, ದಾಯಾದಿಗಳೆಂದಲ್ಲ, ಒಂದೇ ಪ್ರಭೇದ. ನಂಬಲಾಗದೆ ಮತ್ತೆ ಮತ್ತೆ ಮಾಡಿ ನೋಡಿದೆ. ಕೊಕ್ಕರೆ ಮಾಮನ ರೆಕ್ಕೆಯ ಕಣಜ ಗಂಡು. ನಿಮ್ಮ ರೆಕ್ಕೆಯಿಲ್ಲದ, ಇರುವೆಯಂಥ, ಮೈತುಂಬ ಕೆಂಪು ರೋಮದ ಕಣಜ ಅದರ ಹೆಣ್ಣು. ಎದುರುಬದುರು ಮೇಜಿನಲ್ಲಿ ಕೂತ ಇಬ್ಬರು ಗೆಳೆಯರು, ಒಬ್ಬರು ಗಂಡನಿಗೆ ಒಬ್ಬರು ಹೆಂಡತಿಗೆ ಬೇರೆ ಬೇರೆ ಹೆಸರಿಟ್ಟು, ಬೇರೆ ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿದ್ದೀರಿ! ಮಾಮ ಬದುಕಿದ್ದರೆ ಆ ಉದ್ದ ಕೊರಳನ್ನು ಹಿಂದಕ್ಕೆ ಹಾಕಿ ನಗುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಹೇಳಿಕೊಟ್ಟವರೇ ನೀವು.

ನಗು ಇಲ್ಲಿಗೆ ಮುಗಿಯಿತು. ಒಂದು ಜೀವಿಗೆ ಒಂದೇ ಹೆಸರು, ಮೊದಲು ಅಚ್ಚಾದದ್ದು ಉಳಿಯುತ್ತದೆ, ಇನ್ನೊಂದು ಮುಳುಗುತ್ತದೆ. ನಿಮ್ಮದು ಮುಳುಗಬಾರದು ಅಪ್ಪಾ. ಅದು ನನ್ನ ಹೆಸರಿನ ಕಣಜ. ನಿಮ್ಮ ಲೇಖನದ ಆ ಚಿತ್ರದ ಹಾಳೆ ಚೌಕಟ್ಟಿನೊಳಗೆ ನನ್ನ ಮಂಚದ ಮೇಲೆ ತೂಗುತ್ತಿತ್ತು. ಓದಲು ಬಂದಾಗ ನಾನು ಮೊದಲು ಓದಿದ ನನ್ನ ಹೆಸರು ಅದರಲ್ಲಿತ್ತು. ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ, "ನಮ್ಮಪ್ಪ ನನ್ ಹೆಸರಲ್ಲಿ ಒಂದ್ ಹುಳ ಇಟ್ಟಿದಾರೆ, ನಿಮ್ಮಪ್ಪ ಇಟ್ಟಿದಾರಾ?" ಅಂತ.

ನಿಮ್ಮ ಲೇಖನ, ಮಾಮನ ಲೇಖನ, ಎರಡೂ ಅಚ್ಚಾದ ತಿಂಗಳು, ಇಸವಿ ಬರೆದು ಕಳಿಸಿ. ನಿಮ್ಮದೇ ಮೊದಲಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮ ಮರಿಹುಳ

*

ಜುಲೈ ೩೦

ಮರಿಹುಳಕ್ಕೆ,

ಕೂತೇ ಓದಿದೆ. ನೀನು ಹೇಳಿದ ಮೇಲೆ ಎರಡೂ ಪೆಟ್ಟಿಗೆ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿದೆ. ಹೊಟ್ಟೆಯ ತುದಿಯ ಪಟ್ಟೆ ಒಂದೇ ತರಹ ಇದೆ. ಇದು ಕಾಣದ ಹಾಗೆ ಇಬ್ಬರೂ ಕಣ್ಣಿಗೆ ಏನು ಮೆತ್ತಿಕೊಂಡಿದ್ದೆವೋ.

ಕೊಕ್ಕರೆಯದೇ ಮೊದಲು. ಬರೆದುಬಿಡು, ಯೋಚಿಸಬೇಡ. ಇಸವಿ ಗಿಸವಿ ಹುಡುಕುತ್ತಾ ಕೂರಬೇಡ, ನನ್ನ ಮಾತು ಸಾಕು. ಆ ಹೆಸರು ಮುಳುಗಲಿ.

ಒಂದೇ ಮಾತು ನೆನಪಿರಲಿ. ಹೆಸರು ಮುಳುಗಿದರೂ ಸೂಜಿಯಲ್ಲಿರುವ ಹಳೆಯ ಚೀಟಿಯನ್ನು ಯಾರೂ ಕಿತ್ತು ಹಾಕಬಾರದು. ಹೊಸ ಚೀಟಿಯನ್ನು ಅದರ ಕೆಳಗೆ ಚುಚ್ಚಬೇಕು. ನಿನ್ನ ಜೀನು ವಿಭಾಗದವರಿಗೆ ಇದೆಲ್ಲ ಗೊತ್ತಿರುತ್ತದೋ ಇಲ್ಲವೋ.

ಇಲ್ಲಿ ಎಲ್ಲ ಇದ್ದಹಾಗೇ ಇದೆ. ಕೀಟಗಳ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿದ್ದಾರೆ.

ನಿನ್ನ ಅಪ್ಪ

*

ಆಗಸ್ಟ್ ೨೧

ಅಪ್ಪಾ,

ನೀವು ಅಷ್ಟು ಸುಲಭವಾಗಿ ಸೋಲೊಪ್ಪಿದ್ದು ಯಾಕೋ ಸರಿ ಕಾಣಲಿಲ್ಲ. ಒಂದು ಕಣಜದ ಮೀಸೆಯಲ್ಲಿ ಎಷ್ಟು ಗಂಟು ಎಂದು ಕೊಕ್ಕರೆ ಮಾಮನ ಜೊತೆ ವಾರಗಟ್ಟಲೆ ಮಾತು ಬಿಟ್ಟವರು ನೀವು. ಹಾಗಾಗಿ ನಿಮ್ಮ ಹೆಸರು ಉಳಿಸೋಣವೆಂದು ನಾನೇ ಹುಡುಕಿದೆ. ಇಲ್ಲಿಯ ಗ್ರಂಥಾಲಯದಲ್ಲಿ ಆ ಹಳೆಯ ಪತ್ರಿಕೆ ಇದೆ. ನೆಲಮಾಳಿಗೆಯ ಕೊನೆಯ ಕಪಾಟು, ಗೆದ್ದಲು ಒಂದು ಮೂಲೆ ತಿಂದಿತ್ತು.

ಮಾಮನದೇ ಮೊದಲು, ನಿಜ. ಕೆಲವೇ ತಿಂಗಳು ಮೊದಲು.

ಆದರೆ ನಿಮ್ಮ ಲೇಖನದ ನೆತ್ತಿಯ ಮೇಲೆ ಇಸವಿ ಇದೆ ಅಪ್ಪಾ. ಮನೆಯಲ್ಲಿ ಅದು ಚೌಕಟ್ಟಿನ ಅಂಚಿನಡಿ ಮುಚ್ಚಿಹೋಗಿತ್ತು. ನಾನು ಹುಟ್ಟುವುದಕ್ಕೆ ಎರಡು ವರ್ಷ ಹಿಂದಿನ ಇಸವಿ. ಅಚ್ಚಿನ ತಪ್ಪೆಂದು ಮುಂದಿನ ಸಂಚಿಕೆ ನೋಡಿದೆ, ಹಿಂದಿನದೂ ನೋಡಿದೆ. ತಪ್ಪಲ್ಲ. ಕೊನೆಯ ಪುಟದಲ್ಲಿ ಹೆಸರಿಗೆ ಕಾರಣ ಕೊಟ್ಟಿದ್ದೀರಿ: "ಇದನ್ನು ಮೊದಲು ಕಂಡ, ಈಗ ನಮ್ಮೊಡನಿಲ್ಲದ ನನ್ನ ಮಗಳ ನೆನಪಿಗೆ."

ನಾನು ಇದ್ದೇನಲ್ಲ. ಅದು ಯಾರು?

ಮಗಳು

*

ಸೆಪ್ಟೆಂಬರ್ ೧೫

ಅಪ್ಪಾ,

ಪತ್ರ ತಲುಪಿದೆ ಎಂದು ನನಗೆ ಗೊತ್ತು. ಪಕ್ಕದ ಮನೆಯವರನ್ನು ಕೇಳಿದೆ. "ಅವತ್ತಿಂದ ನಿಮ್ಮಪ್ಪ ಸಂಗ್ರಹಾಲಯಕ್ಕೂ ಹೋಗ್ತಿಲ್ಲಮ್ಮ, ವರಾಂಡದಲ್ಲೇ ಕೂತಿರ್ತಾರೆ" ಅಂದರು. ಹಾಗಾದರೆ ಓದಿದ್ದೀರಿ.

ನಾನು ಬರೆದ ಲೇಖನವನ್ನು ಹಾಗೇ ಇಟ್ಟಿದ್ದೇನೆ. ನೀವು ಹೇಳುವವರೆಗೆ ಕಳಿಸುವುದಿಲ್ಲ. ಯಾರ ಹೆಸರನ್ನು ಮುಳುಗಿಸುತ್ತಿದ್ದೇನೆ ಎಂದು ತಿಳಿಯದೆ ಮುಳುಗಿಸಲಾರೆ.

ಈ ದಿನಗಳಲ್ಲಿ ಅಮ್ಮನ ಬೆರಳುಗಳದೇ ನೆನಪು. ತಲೆ ಬಾಚುವಾಗ ಅಮ್ಮ ನನ್ನ ನೆತ್ತಿಯಲ್ಲಿ ಕೂದಲು ಬಿಡಿಸಿ ಬಿಡಿಸಿ ಏನೋ ಹುಡುಕುತ್ತಿದ್ದಳು. ಹೇನು ಹುಡುಕುತ್ತಾಳೆ ಅಂದುಕೊಂಡು ಮೊದಮೊದಲು ಸುಮ್ಮನಿದ್ದೆ. ದೊಡ್ಡವಳಾದ ಮೇಲೆ ಸಿಟ್ಟು ಬರುತ್ತಿತ್ತು. ಹುಡುಕಿ ಸೋತು, "ಒಂದೇ ಸುಳಿ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಬಿಗಿಯಾಗಿ ಜಡೆ ಹಾಕುತ್ತಿದ್ದಳು. "ನೂಲಿನಂತೆ ಸೀರೆ ಅಂತಾರೆ, ನೀನ್ಯಾಕೆ ಹೀಗೆ ಬಂದೆಯೋ" ಅನ್ನುತ್ತಿದ್ದಳು. ನನ್ನಲ್ಲಿ ಏನು ಕಮ್ಮಿ ಎಂದು ಗೊತ್ತಾಗದೆ ಕನ್ನಡಿಯೆದುರು ಕೂತು ನಾನೂ ಹುಡುಕಿದ್ದೇನೆ.

ಆ ಹುಡುಗಿಗೆ ಎರಡು ಸುಳಿ ಇತ್ತೇ ಅಪ್ಪಾ?

ಮಗಳು

*

ಅಕ್ಟೋಬರ್ ೨

ಮರಿಹುಳಕ್ಕೆ,

ಹೌದು. ಎರಡು ಸುಳಿ ಇತ್ತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ನೀನು ಕಣಜಗಳ ಕೆಲಸ ಹಿಡಿದೆ ಎಂದಾಗಲೇ ಈ ದಿನ ಬರುತ್ತದೆಂದು ಅನಿಸಿತ್ತು. ಆದರೂ ಕಾಲು ಕಳಿಸಿದೆ.

ಆಗ ನಾವು ಬೇರೆ ಊರಿನಲ್ಲಿದ್ದೆವು. ಮನೆಯ ಹಿಂದೆ ಮರಳು ಮಣ್ಣಿನ ಒಂದು ಪುಟ್ಟ ಹಿತ್ತಲು. ಅವಳಿಗೆ ನಾಲ್ಕು ತುಂಬಿತ್ತು. ಒಂದು ಮಧ್ಯಾಹ್ನ ಬೆಂಕಿಪೆಟ್ಟಿಗೆ ಹಿಡಿದುಕೊಂಡು ಓಡಿ ಬಂದಳು. "ಅಪ್ಪಾ, ಕೋಟು ಹಾಕ್ಕೊಂಡಿರೋ ಇರುವೆ!" ಕುಟುಕಿಸಿಕೊಂಡು ಬೆರಳು ಊದಿತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೆ ಪೆಟ್ಟಿಗೆ ಬಿಟ್ಟಿರಲಿಲ್ಲ. "ಇರುವೆ ಅಲ್ಲ ಕಣೇ, ಇದು ಕಣಜ" ಅಂದೆ. "ಮತ್ತೆ ರೆಕ್ಕೆ?" ಅಂದಳು. ಇದಕ್ಕೆ ರೆಕ್ಕೆ ಇಲ್ಲ ಎಂದೆ. ಸ್ವಲ್ಪ ಹೊತ್ತು ನೋಡಿ, "ಮನೇಲಿ ಬಿಟ್ಟು ಬಂದಿದ್ಯಾ?" ಅಂತ ಕೇಳಿದಳು. ಈಗ ನೀನು ಹೇಳುತ್ತಿದ್ದೀಯ, ಅದರ ರೆಕ್ಕೆ ಇಷ್ಟು ಕಾಲವೂ ಕೊಕ್ಕರೆಯ ಪೆಟ್ಟಿಗೆಯಲ್ಲೇ ಇತ್ತು ಎಂದು.

ಅದೇ ಮಳೆಗಾಲದಲ್ಲಿ ಜ್ವರ ಬಂತು, ಗಂಟಲಿಗಿಳಿಯಿತು. ನಾಲ್ಕೇ ದಿನ. ನಾನು ಆಮೇಲೆ ಲೇಖನ ಬರೆದೆ, ಬೇರೆ ಏನೂ ಮಾಡಲು ತೋಚಲಿಲ್ಲ.

ನೀನು ಹುಟ್ಟಿದಾಗ ನಿನ್ನ ಅಮ್ಮ ಮುಖ ನೋಡಿ, "ಬಂದ್ಲು ನೋಡ್ರೀ" ಅಂದಳು. ಹೆಸರಿನ ಮಾತು ಬಂದಾಗ, "ಬೇರೆ ಯಾಕೆ? ಅವಳ ಹೆಸರು ಅವಳಿಗೇ ಇದೆಯಲ್ಲ" ಅಂದಳು. ಅದಕ್ಕೆ ಎದುರು ಹೇಳುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗೊತ್ತಿದ್ದವರ ಬಾಯಿಂದ ನಿನ್ನ ಕಿವಿಗೆ ಬೀಳಬಾರದೆಂದು ಊರು ಬಿಟ್ಟೆವು. ನಾನು ಹೇಳುವುದಿಲ್ಲವೆಂದು ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೆ. ಅವಳು ಹೋದ ಮೇಲೆ ಹೇಳಬಹುದಿತ್ತು. ಹೋದವಳಿಗೆ ಕೊಟ್ಟ ಮಾತು ಇನ್ನೂ ಭಾರ.

ಲೇಖನ ಕಳಿಸು.

ನಿನ್ನ ಅಪ್ಪ

*

ಅಕ್ಟೋಬರ್ ೧೩

ಅಪ್ಪನವರಿಗೆ,

ಲೇಖನ ಕಳಿಸಿದೆ.

ನಿಮ್ಮ ಶಾಸ್ತ್ರದಲ್ಲಿ ಒಂದು ನಿಯಮವಿದೆ, ಮೊನ್ನೆಯಷ್ಟೇ ಓದಿದೆ. ಒಂದೇ ಕುಲದ ಎರಡು ಜೀವಿಗಳಿಗೆ ಒಂದೇ ಹೆಸರಿಡುವ ಹಾಗಿಲ್ಲ. ಯಾರಾದರೂ ಇಟ್ಟರೆ ಮೊದಲನೆಯದಕ್ಕೆ ಹೆಸರು ಉಳಿಯುತ್ತದೆ, ಎರಡನೆಯದಕ್ಕೆ ಬೇರೆ ಹುಡುಕಬೇಕು. ಎರಡನೆಯದನ್ನು ಕಿರಿಯ ಸಮನಾಮ ಅನ್ನುತ್ತಾರಂತೆ. ಓದಿ ಪುಸ್ತಕ ಮುಚ್ಚಿ ಪ್ರಯೋಗಾಲಯದ ಬಚ್ಚಲಿಗೆ ಹೋಗಿ ಅತ್ತೆ. ಇಷ್ಟು ವಯಸ್ಸಾದ ಮೇಲೆ ನನಗೆ ನನ್ನ ಹೆಸರು ಸಿಕ್ಕಿತು, ಕಿರಿಯ ಸಮನಾಮ.

ಒಂದು ಹುಳಕ್ಕೆ ಎರಡು ಹೆಸರಾದರೆ ತಪ್ಪೆಂದು ಜಗಳವಾಡುವವರು, ಎರಡು ಮಕ್ಕಳಿಗೆ ಒಂದೇ ಹೆಸರಿಟ್ಟಿರಿ. ಕ್ಲಾಸಿನಲ್ಲಿ ಹಾಜರಿ ಕರೆದಾಗ ನಾನು ಓಗೊಡುತ್ತಿದ್ದದ್ದು ಯಾರಿಗೆ? ಜ್ವರ ಬಂದಾಗಲೆಲ್ಲ ಅಮ್ಮ ಹಾಸಿಗೆ ಬಿಟ್ಟು ಕದಲದೆ ನನ್ನ ಗಂಟಲು ಮುಟ್ಟಿ ಮುಟ್ಟಿ ನೋಡುತ್ತಿದ್ದದ್ದು ಯಾರನ್ನು?

ಇನ್ನೊಂದು ಈಗ ಹೊಳೆಯುತ್ತಿದೆ. ನೀವು ಒಮ್ಮೆಯೂ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಎಲ್ಲರೂ ಕರೆದರು, ನೀವಲ್ಲ. ಹಾಸ್ಟೆಲಿಗೆ ಬರೆದ ಪತ್ರಗಳ ಮೇಲೂ ಬರೀ ಮೊದಲಕ್ಷರ. ಹುಳಗಳ ಮೇಲಿನ ಪ್ರೀತಿಗೆ ಮರಿಹುಳ ಅನ್ನುತ್ತೀರಿ ಎಂದು ಹಿಗ್ಗುತ್ತಿದ್ದೆ. ಈಗ ಅರ್ಥವಾಯಿತು. ಅವಳ ಹೆಸರನ್ನು ನನಗೆ ಕೊಡಲು ನಿಮಗೆ ಮನಸ್ಸು ಬರಲಿಲ್ಲ. ಅವಳದು ಅವಳಿಗೇ ಇರಲಿ, ಇವಳಿಗೆ ಹುಳ ಅಂದರೆ ಸಾಕು, ಅಲ್ಲವೇ?

ಸ್ವಲ್ಪ ದಿನ ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಎರಡನೆಯವಳು

*

ಡಿಸೆಂಬರ್ ೨೦

ಮರಿಹುಳಕ್ಕೆ,

ಬರೆಯಬೇಡಿ ಅಂದಿದ್ದೆ. ತಡೆದಷ್ಟು ತಡೆದೆ.

ಮೂಲೆಯ ಮೇಜು ಹೋಯಿತು. ಅಲ್ಲಿ ಈಗ ಅಧಿಕಾರಿಯ ಮುದ್ರಣ ಯಂತ್ರ ಕೂತಿದೆ. ನನ್ನ ಭೂತಕನ್ನಡಿ, ಚಿಮಟ, ಕುರ್ಚಿಯ ಮೇಲಿನ ದಿಂಬು ಎಲ್ಲವನ್ನೂ ಒಂದು ರಟ್ಟಿನ ಡಬ್ಬದಲ್ಲಿ ಹಾಕಿ ಬಾಗಿಲ ಬಳಿ ಇಟ್ಟಿದ್ದರು. ಹೊರಡುವ ಮೊದಲು ಒಂದು ಕೆಲಸ ಮಾಡಿಸಿಕೊಂಡೆ. ಆ ಕಣಜದ ಮೂಲ ಮಾದರಿಯನ್ನು ನಿನ್ನ ಪ್ರಯೋಗಾಲಯಕ್ಕೆ ಎರವಲು ಕಳಿಸುವಂತೆ ಬರೆಸಿದೆ. ಹೊಸ ಚೀಟಿ ಚುಚ್ಚಬೇಕಾದವಳು ನೀನು. ನನ್ನ ಕೈಯಲ್ಲಿ ಇನ್ನು ಸೂಜಿ ನಿಲ್ಲುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನನಗೆ ಬರುವುದು ಒಂದೇ ವಿದ್ಯೆ, ಎರಡನ್ನು ಪಕ್ಕದಲ್ಲಿಟ್ಟು ಇದು ಬೇರೆ, ಅದು ಬೇರೆ ಎಂದು ನೋಡುವುದು. ಆ ಕಣಜದಲ್ಲಿ ಸೋತೆ. ನಿನ್ನಲ್ಲಿ ಸೋಲಲಿಲ್ಲ. ನಿನ್ನನ್ನು ಮೊದಲು ಕೈಗೆತ್ತಿಕೊಂಡಾಗಲೇ ನೋಡಿದೆ. ಸುಳಿ ಒಂದು. ಕಿವಿಯ ಹಾಲೆ ಕೆನ್ನೆಗೆ ಅಂಟಿದೆ, ಅವಳದು ಜೋಲುತ್ತಿತ್ತು. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ಅಳುವಾಗ ಬಾಯಿ ಎಡಕ್ಕೆ ಸೊಟ್ಟಗಾಗುತ್ತದೆ. ಇವಳು ಬೇರೆ, ಹೊಸಬಳು ಎಂದು ನನಗೆ ಆಗಲೇ ಗೊತ್ತು. ನಿನ್ನ ಅಮ್ಮ ಆ ಕಡೆ ಮಲಗಿ ಅವಳ ಹೆಸರು ಹೇಳಿ ಹೇಳಿ ಕರೆಯುತ್ತಿದ್ದಳು. ನಿನಗೆ ಹಸಿರು ಬಟ್ಟೆ ಸುತ್ತಿದ್ದರು. ನೀನು ಅದರೊಳಗೆ ಮುದುಡುತ್ತಿದ್ದೆ, ಚಾಚುತ್ತಿದ್ದೆ, ಮತ್ತೆ ಮುದುಡುತ್ತಿದ್ದೆ. ನಿನ್ನ ಕಿವಿಯ ಹತ್ತಿರ ಬಾಯಿಟ್ಟು ಮರಿಹುಳ ಅಂದೆ.

ಅವಳನ್ನು ನಾನು ಹೆಸರು ಹಿಡಿದೇ ಕರೆಯುತ್ತಿದ್ದೆ. ಅಡ್ಡಹೆಸರು ಇಟ್ಟಿರಲಿಲ್ಲ. ನಿನ್ನದನ್ನು ನಿನಗಿಂತ ಮೊದಲು ಯಾರಿಗೂ ಇಟ್ಟದ್ದಿಲ್ಲ.

ಕಿರಿಯದಕ್ಕೆ ಬೇರೆ ಹೆಸರು ಹುಡುಕಬೇಕು ಎಂದು ನಿಯಮ ಬರೆದಿದ್ದೀಯ. ಅದನ್ನು ನಾನು ಅಂದೇ ಪಾಲಿಸಿದೆ ಮಗಳೇ. ಅಚ್ಚು ಮಾಡಿಸಲಿಲ್ಲ, ಅಷ್ಟೇ.

ಇಲ್ಲಿ ಚಳಿ. ಸಂಜೆಯಾದರೆ ಮಾಡಲು ಏನೂ ಇರುವುದಿಲ್ಲ.

ನಿನ್ನ ಅಪ್ಪ

*

ಫೆಬ್ರವರಿ ೮

ಅಪ್ಪಾ,

ಪೆಟ್ಟಿಗೆ ಬಂದು ಬಹಳ ದಿನವಾಯಿತು. ತೆರೆಯಲು ಧೈರ್ಯವಿರಲಿಲ್ಲ. ನಿಮ್ಮ ಪತ್ರವನ್ನಂತೂ ಮಡಿಕೆ ಹರಿಯುವಷ್ಟು ಓದಿದ್ದೇನೆ. ಉತ್ತರ ಬರೆಯಲು ಕೂತಾಗಲೆಲ್ಲ ಸುಮ್ಮನೆ ಕಾಲ್ಬೆರಳು ನೋಡಿಕೊಂಡು ಎದ್ದಿದ್ದೇನೆ. ಎರಡನೆಯದು ಉದ್ದವೇ.

ನಿನ್ನೆ ಲೇಖನ ಅಚ್ಚಾಗಿ ಬಂತು. ಇವತ್ತು ಪೆಟ್ಟಿಗೆ ತೆರೆದೆ. ಮಂಚದ ಮೇಲೆ ಚಿತ್ರದಲ್ಲಿ ಅದು ಅಂಗೈಯಷ್ಟಿತ್ತು, ನಿಜವಾಗಿ ನೋಡಿದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಕೆಂಪು ಬಣ್ಣ ಮಾಸಿದೆ. ಕೋಟು ಹಾಕಿಕೊಂಡಿರುವ ಇರುವೆಯೇ ಹೌದು. ಒಂದು ಹಿಂಗಾಲಿಲ್ಲ, ಅದನ್ನು ನಾನೇ ಅರೆದು ಮುಗಿಸಿದ್ದೇನೆ.

ಸೂಜಿಯಲ್ಲಿ ಎರಡು ಚೀಟಿ ಇದ್ದವು. ಕಣಜದ ಹೆಸರಿನದು ನನಗೆ ಗೊತ್ತಿದ್ದದ್ದೇ. ಅದರ ಮೇಲಿನದನ್ನು ನೀವು ಹೇಳಿರಲಿಲ್ಲ. ನಡುಗದ ಕೈಯಲ್ಲಿ ಸಾಸಿವೆಯಂಥ ಅಕ್ಷರ. ಮನೆಯ ಹಿತ್ತಲು, ತಿಂಗಳು, ಇಸವಿ, ಆಮೇಲೆ "ಹಿಡಿದವರು" ಎಂದು ಬರೆದು ಅವಳ ಹೆಸರು. ನಾಲ್ಕು ವರ್ಷದವಳಿಗೆ "ಹಿಡಿದವರು" ಎಂದು ಬಹುವಚನ ಕೊಟ್ಟಿದ್ದೀರಿ. ಅದನ್ನು ಓದಿ ನಗು ಬಂತು, ಆಮೇಲೆ ಅಕ್ಕ ಅಂತ ಬಾಯಿಬಿಟ್ಟು ಅಂದೆ. ಆ ಪದವನ್ನು ನಾನು ಯಾರಿಗೂ ಅಂದದ್ದಿಲ್ಲ.

ಹಳೆಯ ಚೀಟಿಗಳನ್ನು ಕೀಳಲಿಲ್ಲ. ಹೊಸದನ್ನು ಕೆಳಗೆ ಚುಚ್ಚಿದೆ. ಕೊಕ್ಕರೆ ಮಾಮನ ಪ್ರಭೇದದ ಹೆಸರು, ಹೆಣ್ಣು ಎಂಬ ಗುರುತು, "ಗುರುತಿಸಿದವರು" ಎಂದು ಬರೆದು ನನ್ನ ಹೆಸರು. ಅಡ್ಡಹೆಸರು ಬರೆಯಲು ಆಸೆಯಾಯಿತು, ನಿಮ್ಮ ಶಾಸ್ತ್ರ ಒಪ್ಪುವುದಿಲ್ಲ. ಅದು ಸೂಜಿಗೆ ಬೇಡ ಬಿಡಿ, ನನ್ನ ಹತ್ತಿರವೇ ಇರಲಿ.

ಪೆಟ್ಟಿಗೆಯನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಅದನ್ನು ಒಪ್ಪಿಸಿ ಆಮೇಲೆ ಮನೆಗೆ ಬರುತ್ತೇನೆ. ವರಾಂಡದಲ್ಲಿ ನನಗೂ ಒಂದು ಕುರ್ಚಿ ಹಾಕಿಡಿ. ಕಿವಿ ಕೇಳದಿದ್ದರೆ ಪರವಾಗಿಲ್ಲ, ಕೂತಿದ್ದರಾಯಿತು.

ಮುಚ್ಚಳ ಹಾಕುವ ಮೊದಲು ಒಂದು ಹೊಳೆಯಿತು. ಮುಂದೆ ಯಾವತ್ತೋ ಯಾರೋ ಇದನ್ನು ತೆರೆದು ಭೂತಕನ್ನಡಿ ಹಿಡಿದು ಓದುತ್ತಾರೆ. ಹಿಡಿದವರ ಹೆಸರು, ಗುರುತಿಸಿದವರ ಹೆಸರು, ಎರಡೂ ಒಂದೇ. ಹಿತ್ತಲಿನಲ್ಲಿ ಹುಳ ಹಿಡಿದ ಮಗುವೇ ಬೆಳೆದು, ಓದಿ, ಮುಂದೆ ಒಂದು ದಿನ ಅದರ ಜೋಡಿಯನ್ನು ಪತ್ತೆ ಹಚ್ಚಿತು ಎಂದುಕೊಳ್ಳುತ್ತಾರೆ. ಇಬ್ಬರು ಬೇರೆ ಎಂದು ತಿಳಿಸಲು ಚೀಟಿಯ ಮೂಲೆಯಲ್ಲಿ ಒಂದು ಗುರುತು ಹಾಕಿದರೆ ಸಾಕಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ ಅಪ್ಪಾ. ಹಾಕಲಿಲ್ಲ. ಆ ಸೂಜಿಯ ಮೇಲಾದರೂ ಅವಳು ಬೆಳೆದು ದೊಡ್ಡವಳಾಗಲಿ.

ನಿಮ್ಮ
ಮರಿಹುಳ